ಕಸಿ ಕಟ್ಟಿದ ಮೇಲೆ

ನಮ್ಮ ಕುಟುಂಬದಲ್ಲಿ ಎರಡು ಥರದ ಕಸಿ ಇದೆ. ಸಾಗರದ ಹತ್ತಿರ ಊರಲ್ಲಿ ಚಿಕ್ಕಪ್ಪ ಮಾವಿನ ಕಸಿ ಕಟ್ಟುತ್ತಾರೆ, ಅದರಲ್ಲೂ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವು ಅಪ್ಪೆಮಿಡಿಯದ್ದು ಜಾಸ್ತಿ. ಬೆಂಗಳೂರಿನಲ್ಲಿರುವ ಅಕ್ಕನ ಹೊಟ್ಟೆಯೊಳಗೆ ಅಮ್ಮನ ಕಿಡ್ನಿ ಇದೆ. ಈ ಇಬ್ಬರಿಗೂ ಜನ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಗಿಡ ಕೊಳ್ಳಲು ಬಂದವರು ಚಿಕ್ಕಪ್ಪನನ್ನು ಕೇಳುತ್ತಾರೆ: "ಕಸಿ ಗಿಡ ತಾನೇ, ನೆಟ್ಟರೆ ಆಯ್ತು, ಇನ್ನೇನೂ ನೋಡೋದು ಬೇಡ ಅಲ್ವಾ?" ಮದುವೆ ಮನೆಯಲ್ಲಿ ಅಕ್ಕ ಬ್ಯಾಗಿನಿಂದ ಮಾತ್ರೆ ಡಬ್ಬಿ ತೆಗೆದರೆ ಪಕ್ಕದಲ್ಲಿ ಕೂತವರು ಕೇಳುತ್ತಾರೆ: "ಕಸಿ ಆಗಿ ಎಷ್ಟೋ ವರ್ಷ ಆಯ್ತಲ್ಲ, ಇನ್ನೂ ಯಾಕಮ್ಮ ಮಾತ್ರೆ?"

ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಕಾಡುತ್ತದೆ. ಯಾಕೆಂದರೆ ಅದರ ಹಿಂದೆ ಒಂದು ನಂಬಿಕೆ ಇದೆ. ಕಸಿ ಅಂದರೆ ಒಂದು ದಿನದ ಕೆಲಸ, ಕತ್ತರಿಸಿದರು, ಜೋಡಿಸಿದರು, ಎರಡು ಹೋಗಿ ಒಂದಾಯಿತು, ಮುಗಿಯಿತು. ತೋಟದಲ್ಲೂ ಆಸ್ಪತ್ರೆಯಲ್ಲೂ ಓಡಾಡಿ ನೋಡಿದ ಮೇಲೆ ನನಗೆ ಅನ್ನಿಸಿರುವುದು ಪೂರ್ತಿ ಬೇರೆ. ಎರಡು ಯಾವತ್ತೂ ಒಂದಾಗುವುದಿಲ್ಲ. ಎರಡೂ ಎರಡಾಗಿಯೇ ಇದ್ದು, ಒಂದರಿಂದ ಇನ್ನೊಂದು ಬದುಕುವ ಹಾಗೆ ಯಾರೋ ನೋಡಿಕೊಳ್ಳುತ್ತಲೇ ಇರಬೇಕು. ಜೋಡಿಸುವ ದಿನ ಎಷ್ಟೇ ಮುಖ್ಯವಾದರೂ ಅದು ಶುರು ಅಷ್ಟೆ.

ಐಸ್‌ಕ್ಯಾಂಡಿ ಕವರಿನೊಳಗೆ

ಚಿಕ್ಕಪ್ಪ ಕಸಿ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೆ ಸರಿಯಾಗಿ ಪಕ್ಕದಲ್ಲಿ ಕೂತು ನೋಡಿದ್ದು ದೊಡ್ಡವಳಾದ ಮೇಲೆ, ಒಂದು ಮಳೆಗಾಲದ ಶುರುವಿನಲ್ಲಿ. ಅಡಿಕೆ ದಬ್ಬೆಯ ಚಪ್ಪರ, ಮೇಲೆ ಹಸಿರು ನೆರಳು ಪರದೆ. ಕೆಳಗೆ ಸಾಲಾಗಿ ಪಾಲಿಥಿನ್ ಕೊಟ್ಟೆಗಳು, ಒಂದೊಂದರಲ್ಲೂ ಕಾಡು ಮಾವಿನ ವಾಟೆ ಹಾಕಿ ಎಬ್ಬಿಸಿದ ಸಸಿ. ಪಕ್ಕದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಕಸಿ ಕಡ್ಡಿಗಳು. ಆ ಕಡ್ಡಿಗಳಿಗೆ ಎಲೆ ಇರಲಿಲ್ಲ, ತೊಟ್ಟಿನ ಮೋಟು ಮಾತ್ರ. ಕಡ್ಡಿ ಕೊಯ್ಯುವುದಕ್ಕೆ ವಾರ ಹತ್ತು ದಿನ ಮೊದಲೇ ಮರದಲ್ಲೇ ಎಲೆ ಸವರಿ ಬಿಡುತ್ತಾರೆ. ಆಗ ತುದಿಯ ಮೊಗ್ಗು ಉಬ್ಬುತ್ತದೆ, ಹೊರಡುವುದಕ್ಕೆ ತಯಾರಾಗಿರುತ್ತದೆ. ಅಂಥ ಕಡ್ಡಿ ಬೇಗ ಹಿಡಿಯುತ್ತದೆ.

ಸಸಿಯ ತಲೆ ಕತ್ತರಿಸಿ, ಕಾಂಡದ ನಡುವೆ ಒಂದೂವರೆ ಇಂಚು ಸೀಳಿದರು. ಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಹೆರೆದು ಬೆಣೆ ಮಾಡಿದರು. ಹೆರೆಯುವಾಗ ಚಾಕು ಒಂದೇ ಎಳೆತಕ್ಕೆ ಹೋಗಬೇಕು, ಎರಡು ಮೂರು ಸಲ ಕೊರೆದರೆ ಮೈ ನುಣುಪಾಗುವುದಿಲ್ಲ, ನಡುವೆ ಗಾಳಿ ಉಳಿಯುತ್ತದೆ. ಬೆಣೆಯನ್ನು ಸೀಳಿನೊಳಗೆ ಇಳಿಸಿ ಒಂದು ಬದಿಯ ತೊಗಟೆಗೆ ತೊಗಟೆ ಸರಿಯಾಗಿ ಕೂರಿಸಿದರು. ಸಸಿ, ಕಡ್ಡಿ ಒಂದೇ ದಪ್ಪ ಇದ್ದರೆ ಎರಡೂ ಬದಿ ಕೂರುತ್ತದೆ, ಇಲ್ಲದಿದ್ದರೆ ಒಂದು ಬದಿಯಾದರೂ ಕೂರಲೇಬೇಕು. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಕ್ಯಾಂಬಿಯಂ ಅನ್ನುವ ತೆಳು ಪದರ ಒಂದಕ್ಕೊಂದು ತಾಗಬೇಕು. ಬೆಳೆಯುವ ಶಕ್ತಿ ಇರುವುದು ಆ ಪದರಕ್ಕೇ. (ಅಡಿಕೆ, ತೆಂಗು, ಬಿದಿರಿನಲ್ಲಿ ಈ ಥರದ ಪದರವೇ ಇಲ್ಲ, ಹಾಗಾಗಿ ನಮ್ಮ ತೋಟದ ಅಡಿಕೆಗೆ ಯಾರೂ ಕಸಿ ಕಟ್ಟುವುದಿಲ್ಲ. ಇಂಥ ಏಕದಳ ಸಸ್ಯಗಳಿಗೂ ಬೀಜದೊಳಗಿನ ಭ್ರೂಣದ ಹಂತದಲ್ಲೇ ಕಸಿ ಮಾಡಬಹುದು ಅಂತ ವಿಜ್ಞಾನಿಗಳು 2022ರಲ್ಲಿ ತೋರಿಸಿದರು, ಗೋಧಿಯನ್ನು ಓಟ್ಸ್ ಬೇರಿನ ಮೇಲೆ ಬೆಳೆಸಿದರು. ತೋಟಕ್ಕೆ ಅದು ಬರುವ ಹೊತ್ತಿಗೆ ಇನ್ನೂ ಕಾಲ ಬೇಕು.)

ಆಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದರು. ಕೆಳಗಿನಿಂದ ಮೇಲಕ್ಕೆ, ಎಳೆದು ಎಳೆದು, ನೀರು ಒಳಗೆ ಇಳಿಯದ ಹಾಗೆ. "ಗಟ್ಟಿ ಕಟ್ಟಬೇಕು. ಅಲುಗಿದರೆ ಹೋಯ್ತು" ಅಂದರು. ಕೊನೆಗೆ ಐಸ್‌ಕ್ಯಾಂಡಿ ಮಾಡುವ ಉದ್ದ ಪ್ಲಾಸ್ಟಿಕ್ ಕವರನ್ನು ಕಡ್ಡಿಯ ಮೇಲೆ ಟೋಪಿಯಾಗಿ ಹಾಕಿ ಬುಡದಲ್ಲಿ ಬಿಗಿದರು. ಪೇಟೆಯಲ್ಲಿ ಆ ಕವರು ಕೇಳಿದರೆ ಅಂಗಡಿಯವರು "ಐಸ್‌ಕ್ಯಾಂಡಿಗಾ, ಕಸಿಗಾ?" ಅಂತ ಕೇಳುತ್ತಾರಂತೆ.

ಆ ಕವರಿನೊಳಗಿನ ಎರಡು ಮೂರು ವಾರಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕಡ್ಡಿಗೆ ತಾಯಿಮರದ ನೀರು ನಿಂತುಹೋಗಿದೆ. ಹೊಸ ಬೇರಿನಿಂದ ನೀರು ಇನ್ನೂ ಬರುತ್ತಿಲ್ಲ. ಗಾಯದ ಎರಡೂ ಬದಿಯಲ್ಲಿ ಹೊಸ ಕೋಶಗಳು ಹುಟ್ಟಿ ನಡುವಿನ ಸಂದು ತುಂಬಬೇಕು, ಆ ತುಂಬಿದ ಭಾಗದೊಳಗೆ ನೀರಿನ ನಾಳಗಳು ಈ ಬದಿಯಿಂದ ಆ ಬದಿಗೆ ದಾರಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಕಡ್ಡಿ ತನ್ನೊಳಗಿನ ಪಸೆಯಲ್ಲೇ ಜೀವ ಹಿಡಿದುಕೊಂಡಿರುತ್ತದೆ. ಕವರಿನ ಒಳಮೈಯಲ್ಲಿ ಬೆವರಿನ ಹನಿ ಕಾಣಿಸುತ್ತದೆ, ಆ ತೇವವೇ ಅದರ ಆಸರೆ. ಒಂದು ದಿನ ಮೊಗ್ಗಿನಿಂದ ತಾಮ್ರದ ಬಣ್ಣದ ಎಳೆ ಎಲೆ ಹೊರಬರುತ್ತದೆ. ಆಗ ಚಿಕ್ಕಪ್ಪ "ಹಿಡಿಯಿತು" ಅಂತಾರೆ. ಕವರು ತೆಗೆಯುತ್ತಾರೆ.

ಚರ್ಮದ ಕಸಿಯ ಬಗ್ಗೆ ಓದಿದಾಗ ಈ ಮೊದಲ ದಿನಗಳ ಲೆಕ್ಕ ಅಲ್ಲೂ ಹಾಗೇ ಇದೆ ಅಂತ ಗೊತ್ತಾಯಿತು. ಸುಟ್ಟ ಗಾಯಕ್ಕೆ ತೊಡೆಯಿಂದ ತೆಳುವಾಗಿ ಹೆರೆದು ತೆಗೆದ ಚರ್ಮ ಹಾಕುತ್ತಾರೆ. ಆ ಚರ್ಮಕ್ಕೆ ಮೊದಲ ಒಂದೆರಡು ದಿನ ರಕ್ತ ಬರುವುದಿಲ್ಲ. ಗಾಯದಿಂದ ಒಸರುವ ನೀರನ್ನೇ ಹೀರಿಕೊಂಡು ಅದು ಬದುಕುತ್ತದೆ. ಆಮೇಲೆ ಕೆಳಗಿನ ರಕ್ತನಾಳಗಳ ಬಾಯಿ, ಮೇಲಿನ ಚರ್ಮದ ನಾಳಗಳ ಬಾಯಿ ಒಂದಕ್ಕೊಂದು ಕೂಡುತ್ತವೆ. ಅಷ್ಟರೊಳಗೆ ಚರ್ಮ ಸ್ವಲ್ಪ ಜರುಗಿದರೂ, ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ನಿಂತರೂ ಕಸಿ ಸತ್ತು ಹೋಗುತ್ತದೆ. ಅದಕ್ಕೇ ಬಿಗಿಯಾಗಿ ಪಟ್ಟಿ ಕಟ್ಟಿ, ಕೈಕಾಲು ಅಲುಗಿಸಬೇಡಿ ಅಂತ ಪದೇ ಪದೇ ಹೇಳುವುದು. ಸಾಮಾನ್ಯವಾಗಿ ಐದನೇ ದಿನದ ಹೊತ್ತಿಗೆ ಪಟ್ಟಿ ಬಿಚ್ಚಿ ನೋಡುತ್ತಾರೆ. ಗುಲಾಬಿ ಬಣ್ಣ ಬಂದಿದ್ದರೆ ಹಿಡಿದಿದೆ ಅಂತ ಅರ್ಥ. ಬಹಳ ರೋಗಿಗಳಿಗೆ ಗಾಯಕ್ಕಿಂತ ಜಾಸ್ತಿ ಉರಿಯುವುದು ಚರ್ಮ ತೆಗೆದ ತೊಡೆ.

ಹಣೆಯಿಂದ ಮೂಗಿಗೆ

ಚಿಕ್ಕಪ್ಪನಿಗಿಂತ ಹಿಂದಿನ ತಲೆಮಾರಿನವರು ಮಾವಿನ ಕಸಿ ಕಟ್ಟುತ್ತಿದ್ದ ರೀತಿ ಬೇರೆ. ಕಡ್ಡಿಯನ್ನು ಮರದಿಂದ ಕತ್ತರಿಸುತ್ತಲೇ ಇರಲಿಲ್ಲ. ಕುಂಡದಲ್ಲಿರುವ ಸಸಿಯನ್ನೇ ತಾಯಿಮರದ ಹತ್ತಿರ ಒಯ್ದು, ಅಟ್ಟ ಕಟ್ಟಿ ಕೊಂಬೆಯ ಎತ್ತರಕ್ಕೆ ಇಟ್ಟು, ಎರಡರ ಮೈಯನ್ನೂ ಒಂದು ಬದಿ ಹೆರೆದು, ಒಂದಕ್ಕೊಂದು ಒತ್ತಿ ಕಟ್ಟುತ್ತಿದ್ದರು. ಎರಡು ಮೂರು ತಿಂಗಳು ಕಡ್ಡಿ ತಾಯಿಮರದ ರಸ ಕುಡಿಯುತ್ತಲೇ ಸಸಿಗೆ ಅಂಟಿಕೊಳ್ಳುತ್ತಿತ್ತು. ಪೂರ್ತಿ ಕೂಡಿದ ಮೇಲೆ ತಾಯಿಮರದ ಕಡೆಯ ಕೊಂಡಿ ಕತ್ತರಿಸುತ್ತಿದ್ದರು. ಪುಸ್ತಕದಲ್ಲಿ ಇದಕ್ಕೆ ಸಾಮೀಪ್ಯ ಕಸಿ ಅಂತಾರೆ. ನಿಧಾನದ ಕೆಲಸ, ಒಂದು ಮರಕ್ಕೆ ಕೆಲವೇ ಸಸಿ ಆಗುತ್ತವೆ. ಆದರೆ ಕಡ್ಡಿ ಒಂದು ಗಳಿಗೆಯೂ ಅನಾಥವಾಗುವುದಿಲ್ಲ.

ಇದೇ ಯುಕ್ತಿ ಮನುಷ್ಯನ ಮುಖದ ಮೇಲೂ ನಡೆದಿದೆ. ಕತ್ತರಿಸಿದ ಮೂಗನ್ನು ಕೆನ್ನೆಯ ಚರ್ಮದಿಂದ ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ, ಅದು ನಮಗೆಲ್ಲ ಗೊತ್ತಿರುವುದೇ. ನನಗೆ ಜಾಸ್ತಿ ಹಿಡಿಸುವುದು 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಬಂದ ಒಂದು ಪತ್ರ. ನಮ್ಮ ನೆಲದ ಯುದ್ಧದ ಜೊತೆಗೂ ಅದಕ್ಕೆ ನಂಟಿದೆ. ಕಾವಸ್‌ಜಿ ಅನ್ನುವ ಮರಾಠಾ ರೈತ, ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದವನು, 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು ಅಂತ ಆ ಪತ್ರ ಹೇಳುತ್ತದೆ. ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ ಮೇಲೆ ಅವನಿಗೆ ಹೊಸ ಮೂಗು ಕಟ್ಟಿದವನು ಪುಣೆ ಕಡೆಯ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ. ಅವನ ಹೆಸರು ಪತ್ರದಲ್ಲಿ ಇಲ್ಲ.

ಅವನು ಮಾಡಿದ ರೀತಿ ನೋಡಿ. ತೆಳುವಾದ ಮೇಣದ ಹಾಳೆಯಲ್ಲಿ ಮೊದಲು ಮೂಗಿನ ಆಕಾರ ಮಾಡಿಕೊಂಡ. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯಷ್ಟು ಚರ್ಮವನ್ನು ಬಿಡಿಸಿದ, ಆದರೆ ಎರಡು ಹುಬ್ಬಿನ ನಡುವೆ ಒಂದು ಸಣ್ಣ ಕೊಂಡಿಯನ್ನು ಹಾಗೇ ಬಿಟ್ಟ. ಆ ಕೊಂಡಿಯ ಮೂಲಕ ರಕ್ತ ಹರಿಯುತ್ತಿರಬೇಕಲ್ಲ, ಅದಕ್ಕೆ. ಬಿಡಿಸಿದ ಚರ್ಮವನ್ನು ತಿರುಗಿಸಿ ಕೆಳಗೆ ತಂದು, ಮೂಗಿದ್ದ ಜಾಗದಲ್ಲಿ ಅಂಚು ಕೊರೆದು ಕೂರಿಸಿದ. ಅಂಟಿಸಲು ಬಳಸಿದ್ದು ಕಾಚು. ನಮ್ಮಜ್ಜಿ ಎಲೆಅಡಿಕೆಗೆ ಹಾಕುತ್ತಿದ್ದ ಅದೇ ಕಾಚು, ನೀರಲ್ಲಿ ಮೆತ್ತಗೆ ಮಾಡಿ, ಬಟ್ಟೆ ಪಟ್ಟಿಗೆ ಸವರಿ, ಐದಾರು ಪದರ ಒಂದರ ಮೇಲೊಂದು. ಐದಾರು ದಿನ ರೋಗಿ ಅಂಗಾತ ಮಲಗಿರಬೇಕು. ಹತ್ತನೇ ದಿನ ಮೂಗಿನ ಹೊಳ್ಳೆ ಮುಚ್ಚಿಹೋಗದಂತೆ ಮೆತ್ತನೆ ಬಟ್ಟೆ ತುರುಕುತ್ತಾರೆ. ಹುಬ್ಬಿನ ನಡುವಿನ ಕೊಂಡಿ ಕತ್ತರಿಸುವುದು ಸುಮಾರು ಇಪ್ಪತ್ತೈದನೇ ದಿನ. ಇದನ್ನು ಓದಿಕೊಂಡ ಜೋಸೆಫ್ ಕಾರ್‌ಪ್ಯೂ ಅನ್ನುವ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಹೀಗೇ ಮೂಗು ಕಟ್ಟಿದ. ಅಲ್ಲಿಂದ ಅದು ಯುರೋಪಿಗೆಲ್ಲ ಹಬ್ಬಿತು.

ಆ ಪುಣೆಯವನು ಮಾವಿನ ಕಸಿ ನೋಡಿದ್ದನೋ ಇಲ್ಲವೋ, ನನಗೆ ಅದು ಬೇಕಾಗಿಲ್ಲ. ಅವನೂ ಕಸಿ ಕಟ್ಟುತ್ತಿದ್ದ ನಮ್ಮ ಹಿರಿಯರೂ ಅರ್ಥ ಮಾಡಿಕೊಂಡಿದ್ದ ವಿಷಯ ಒಂದೇ. ಹೊಸ ಜಾಗ ಒಪ್ಪಿಕೊಳ್ಳುವವರೆಗೆ ಹಳೇ ಜಾಗ ಕೈ ಬಿಡಬಾರದು. ಆ ಕೊಂಡಿಯನ್ನು ಮೂರನೇ ದಿನವೇ ಕತ್ತರಿಸಿದ್ದರೆ ಮೂಗು ಕಪ್ಪಾಗಿ ಉದುರಿಹೋಗುತ್ತಿತ್ತು. ಚಾಕುವಿನ ಚಳಕಕ್ಕಿಂತ ಆ ಇಪ್ಪತ್ತೈದು ದಿನ ಕಾದ ತಾಳ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ.

ಒಡಹುಟ್ಟಿದವರ ಚರ್ಮ

ಇಲ್ಲಿಯವರೆಗೆ ತೋಟ, ಆಸ್ಪತ್ರೆ ಜೊತೆಜೊತೆಯಾಗಿ ಬರುತ್ತವೆ. ಇಲ್ಲಿಂದ ಮುಂದೆ ಬೇರೆಯಾಗುತ್ತವೆ. ಕಾವಸ್‌ಜಿಯ ಮೂಗಿಗೆ ಬಂದದ್ದು ಅವನದ್ದೇ ಹಣೆ. ಆದರೆ ಅಪ್ಪೆಮಿಡಿಯ ಕಡ್ಡಿ ಕೂರುವುದು ಬೇರೆ ಮರದ ಮೇಲೆ. ಗಿಡ ಅದಕ್ಕೆ ತಕರಾರು ಮಾಡುವುದಿಲ್ಲ. ಗಿಡದೊಳಗೆ ಊರೆಲ್ಲ ಸುತ್ತಿ ಪರರನ್ನು ಹುಡುಕುವ ಬಿಳಿ ರಕ್ತಕಣ ಇಲ್ಲ, ಕೋಶಗಳು ಗೋಡೆ ಕಟ್ಟಿಕೊಂಡು ತಮ್ಮ ಜಾಗದಲ್ಲೇ ಇರುತ್ತವೆ. ಸಂಬಂಧ ಮಾತ್ರ ಹತ್ತಿರದ್ದಾಗಿರಬೇಕು. ಮಾವಿಗೆ ಮಾವು ಸೇರುತ್ತದೆ, ಟೊಮೆಟೊ ಅದರ ಬಳಗದ ಸುಂಡೆ ಗಿಡದ ಬೇರಿಗೆ ಸೇರುತ್ತದೆ, ಮಾವಿನ ಮೇಲೆ ನಿಂಬೆ ಕೂರುವುದಿಲ್ಲ. ಹತ್ತಿರದ ಬಳಗದೊಳಗೆ ಆದರೆ ಮರ ಸಾಮಾನ್ಯವಾಗಿ ಹೊರುತ್ತದೆ.

ಮನುಷ್ಯನ ಮೈ ಒಡಹುಟ್ಟಿದವರನ್ನೂ ಹೊರುವುದಿಲ್ಲ. ಇದು ಸರಿಯಾಗಿ ಗೊತ್ತಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಗ್ಲಾಸ್ಗೋದಲ್ಲಿ ತೀವ್ರವಾಗಿ ಸುಟ್ಟುಕೊಂಡಿದ್ದ ಒಬ್ಬ ಹೆಣ್ಣುಮಗಳಿಗೆ ಸರ್ಜನ್ ಥಾಮಸ್ ಗಿಬ್ಸನ್, ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡಾವರ್ ಚಿಕಿತ್ಸೆ ಮಾಡಿದರು. ಅವಳದ್ದೇ ಚರ್ಮದ ಚೂರುಗಳನ್ನು ಹಾಕಿದರು, ಅವಳ ಸಹೋದರನ ಚರ್ಮದ ಚೂರುಗಳನ್ನೂ ಹಾಕಿದರು. ಮೊದಮೊದಲು ಎರಡೂ ಹಿಡಿದವು. ಆಮೇಲೆ ಸಹೋದರನದ್ದು ಕರಗಿ ಹೋಯಿತು. ಅವನ ಚರ್ಮವನ್ನೇ ಎರಡನೇ ಸಲ ಹಾಕಿದಾಗ ಮೊದಲಿಗಿಂತ ಬೇಗ ಹೋಯಿತು. ಅಂದರೆ ಮೈಗೆ ನೆನಪಿತ್ತು. ಇವನು ಹಿಂದೆ ಬಂದವನು, ನಮ್ಮವನಲ್ಲ ಅಂತ ಅದು ಗುರುತಿಟ್ಟುಕೊಂಡಿತ್ತು. 1943ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮೆಡಾವರ್‌ಗೆ 1960ರಲ್ಲಿ ನೊಬೆಲ್ ಬಂತು.

ಅದಕ್ಕೇ ಮೊದಲ ಗೆಲುವು ಸಿಕ್ಕಿದ್ದು ಅವಳಿಗಳಲ್ಲಿ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೇ ಮತ್ತು ಸಂಗಡಿಗರು ರೊನಾಲ್ಡ್ ಹೆರಿಕ್‌ನ ಒಂದು ಕಿಡ್ನಿ ತೆಗೆದು ಅವನ ಅವಳಿ ರಿಚರ್ಡ್‌ಗೆ ಹಾಕಿದರು. ಅದಕ್ಕೆ ಮೊದಲು ಅವರು ಮಾಡಿದ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಇಬ್ಬರೂ ನಿಜಕ್ಕೂ ಒಂದೇ ಅಂಡದ ಅವಳಿಗಳಾ ಅಂತ ಖಚಿತ ಮಾಡಿಕೊಳ್ಳಲು ಇವನ ಚರ್ಮದ ಚೂರು ಅವನಿಗೆ ಹಾಕಿ ನೋಡಿದರು. ಹಿಡಿಯಿತು. ಆಮೇಲೇ ಕಿಡ್ನಿಗೆ ಕೈ ಹಾಕಿದ್ದು. ರಿಚರ್ಡ್ ಇನ್ನೂ ಎಂಟು ವರ್ಷ ಬದುಕಿದ. ಅವಳಿ ಇಲ್ಲದವರಿಗೆ, ಅಂದರೆ ನಮ್ಮೆಲ್ಲರಿಗೆ, ದಾರಿ ಸರಾಗವಾದದ್ದು ಮೈಯ ಎಚ್ಚರವನ್ನು ತಗ್ಗಿಸುವ ಔಷಧಿಗಳು ಬಂದ ಮೇಲೆ, ಮುಖ್ಯವಾಗಿ 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಬಂದ ಮೇಲೆ. ನಮ್ಮ ದೇಶದಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1971ರಲ್ಲೇ ಕಿಡ್ನಿ ಕಸಿ ನಡೆದಿತ್ತು.

ಮೂರು ಕಿಡ್ನಿ

ಅಕ್ಕನಿಗೆ ಈಗ ಮೂರು ಕಿಡ್ನಿ ಇವೆ ಅಂದರೆ ಯಾರೂ ನಂಬುವುದಿಲ್ಲ. ಕೆಟ್ಟ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಅವು ಬೆನ್ನ ಹಿಂದೆ ಸಣ್ಣದಾಗಿ ಸೊರಗಿಕೊಂಡು ಹಾಗೇ ಇರುತ್ತವೆ. ಹೊಸದನ್ನು ಇಡುವುದು ಮುಂದೆ, ಹೊಟ್ಟೆಯ ಕೆಳಗೆ ಬಲಗಡೆ, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳಿಗೆ ಜೋಡಿಸಿ. ಚರ್ಮದ ಕೆಳಗೇ ಇರುವುದರಿಂದ ಕೈಯಿಟ್ಟರೆ ಗೊತ್ತಾಗುತ್ತದೆ. ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುವಾಗ ಅಕ್ಕ ಒಂದು ಕೈ ಅಲ್ಲಿಟ್ಟುಕೊಳ್ಳುತ್ತಾಳೆ.

ಆ ಕಿಡ್ನಿ ಇವತ್ತಿಗೂ ಅಮ್ಮನದ್ದೇ. ಅದರ ಒಂದೊಂದು ಕೋಶದಲ್ಲೂ ಅಮ್ಮನ ಗುರುತಿದೆ, ಅಕ್ಕನ ರಕ್ತ ಎಷ್ಟು ವರ್ಷ ಹರಿದರೂ ಅದು ಬದಲಾಗುವುದಿಲ್ಲ. ಅದರ ವಯಸ್ಸೂ ಅಮ್ಮನ ವಯಸ್ಸೇ. ಮಾವಿನ ಕಡ್ಡಿಯೂ ಹಾಗೇ ಅಲ್ವಾ? ವಾಟೆಯಿಂದ ಎದ್ದ ಮಾವು ಕಾಯಿ ಬಿಡಲು ಎಂಟು ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೇ ಹೂ ಬಿಡುತ್ತದೆ. ಯಾಕೆಂದರೆ ಆ ಕಡ್ಡಿ ಎಳೆಯದಲ್ಲ, ಅದು ಹೂ ಬಿಟ್ಟು ಗೊತ್ತಿರುವ ಮುದಿ ಮರದ್ದು. ಹೊಳೆದಂಡೆಯ ಯಾವುದೋ ಜೀರಿಗೆ ಮಿಡಿಯ ಮರದಿಂದ ತಂದ ಕಡ್ಡಿ ಎಲ್ಲಿ ಕೂತರೂ ಜೀರಿಗೆ ಪರಿಮಳವನ್ನೇ ಕೊಡುತ್ತದೆ, ಕೆಳಗಿನ ಬೇರು ಯಾವ ಮಾವಿನದ್ದಾದರೂ ಸರಿ. ಒಂದೇ ಬಾವಿಯ ನೀರು ಸೇದುವ ಎರಡು ಮನೆಗಳ ಹಾಗೆ ಅವು, ಒಲೆ ಬೇರೆ, ಅಡುಗೆ ಬೇರೆ.

ಅಕ್ಕನ ಜೊತೆ ತಪಾಸಣೆಗೆ ಹೋದ ಒಂದು ಬೆಳಿಗ್ಗೆ ಚೆನ್ನಾಗಿ ನೆನಪಿದೆ. ಮೈಯ ಎಚ್ಚರ ತಗ್ಗಿಸಲು ಅವಳು ತೆಗೆದುಕೊಳ್ಳುವ ಮುಖ್ಯ ಔಷಧಿ ಟ್ಯಾಕ್ರೋಲಿಮಸ್. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ರಕ್ತದಲ್ಲಿ ಅದರ ಮಟ್ಟ ನೋಡಬೇಕಾದ ದಿನ ಮಾತ್ರ ಬೆಳಗಿನ ಮಾತ್ರೆ ನುಂಗದೆ ಹೋಗಬೇಕು, ರಕ್ತ ಕೊಟ್ಟ ಮೇಲೇ ನುಂಗಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಲ್ಯಾಬಿನ ಮುಂದೆ ಕುರ್ಚಿಗಳು ತುಂಬಿದ್ದವು. ಗೋಡೆ ಗಡಿಯಾರದಲ್ಲಿ ಎಂಟು ದಾಟಿತ್ತು. ಸುತ್ತ ನೋಡಿದರೆ ಎಷ್ಟೋ ಜನರ ಕೈಯಲ್ಲಿ ಅದೇ ಥರದ ಮಾತ್ರೆ ಡಬ್ಬಿ, ನೀರಿನ ಬಾಟಲಿ. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದಾರೆ. ಒಬ್ಬರು ರಕ್ತ ಕೊಟ್ಟು ಹೊರಬರುವುದೇ ತಡ, ತೋಳಿಗೆ ಹತ್ತಿ ಒತ್ತಿಕೊಂಡೇ ನಿಂತಲ್ಲೇ ಮಾತ್ರೆ ನುಂಗಿದರು. ಹಿಂದೆಯೇ ಇನ್ನೊಬ್ಬರು. ಹಾಸನದಿಂದ ಬಂದಿದ್ದ ಒಬ್ಬ ಯಜಮಾನರು ಅಕ್ಕನನ್ನು ಕೇಳಿದರು, "ನಿಮ್ದು ಯಾರು ಕೊಟ್ರಮ್ಮ?" "ಅಮ್ಮ" ಅಂದಳು. "ನಂದು ನಮ್ಮ ಮನೆಯವಳು" ಅಂದರು ಅವರು. ಅಲ್ಲಿ ಪರಿಚಯ ಅಂದರೆ ಅಷ್ಟೇ, ಊರು ಹೇಳಬೇಕು, ಯಾರು ಕೊಟ್ಟರು ಹೇಳಬೇಕು.

ಅವರು ಕೊಟ್ಟ ಒಂದು ಸಲಹೆ ಚಕ್ಕೋತದ ಬಗ್ಗೆ. ಹಿತ್ತಲಲ್ಲಿ ಚಕ್ಕೋತದ ಮರ ಇದೆಯಂತೆ, ಈಗ ಮುಟ್ಟುವ ಹಾಗಿಲ್ಲವಂತೆ. ಸರಿಯಾದ ಮಾತು. ಚಕ್ಕೋತ, ದ್ರಾಕ್ಷಿಹಣ್ಣಿನ ಹೆಸರಿಟ್ಟುಕೊಂಡ ಆ ಗ್ರೇಪ್‌ಫ್ರೂಟ್, ಇವು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಿಬಿಡುತ್ತವೆ. ಮಟ್ಟ ಏರಿದರೆ ಕೈ ನಡುಗುತ್ತದೆ, ಸಕ್ಕರೆ ಏರಬಹುದು, ಸೋಂಕು ಬೇಗ ಹಿಡಿಯುತ್ತದೆ, ಕಿಡ್ನಿಗೂ ಒಳ್ಳೆಯದಲ್ಲ. ಇಳಿದರೆ ಮೈ ಎಚ್ಚರಗೊಂಡು ಅಮ್ಮನ ಕಿಡ್ನಿಯನ್ನು ಪರರದ್ದು ಅಂತ ಗುರುತಿಸಿಬಿಡುತ್ತದೆ. ಅಮ್ಮನ ಗುರುತಿನಲ್ಲಿ ಮಕ್ಕಳಿಗೆ ಬರುವುದು ಅರ್ಧ ಮಾತ್ರ. ಅಕ್ಕನಿಗೆ ಬಾರದೆ ಉಳಿದ ಆ ಇನ್ನರ್ಧಕ್ಕಾಗಿ ಜೀವನವಿಡೀ ಈ ತೂಗುವ ಕೆಲಸ. ಮಾತ್ರೆ ಯಾಕೆ ಅಂತ ಕೇಳಿದವರಿಗೆ ಉತ್ತರ ಇದೇ. ಮೈ ಒಪ್ಪಿಕೊಂಡಿಲ್ಲ. ಯಾವತ್ತೂ ಪೂರ್ತಿ ಒಪ್ಪುವುದಿಲ್ಲ. ದಿನಕ್ಕೆ ಎರಡು ಸಲ ಅದನ್ನು ಒಪ್ಪಿಸಬೇಕು.

ಊರಿಗೆ ಹೋದಾಗ ಅಕ್ಕ ಚಿಕ್ಕಪ್ಪನ ಚಪ್ಪರದೊಳಗೆ ಬರುವುದು ಕೈಗವಸು, ಮಾಸ್ಕ್ ಹಾಕಿಕೊಂಡೇ. ಮಣ್ಣು, ಕೊಳೆತ ಗೊಬ್ಬರದಲ್ಲಿರುವ ಶಿಲೀಂಧ್ರಗಳು ಅವಳಂಥವರಿಗೆ ಅಪಾಯ. ಮೊದಲು ಬರಿಗೈಯಲ್ಲಿ ಕೊಟ್ಟೆಗೆ ಮಣ್ಣು ತುಂಬುತ್ತಿದ್ದವಳು ಅವಳೇ.

ಬುಡದ ಚಿಗುರು

ಗಿಡದ ಕಸಿಗೆ ಮಾತ್ರೆ ಬೇಡ, ನಿಜ. ಹಾಗಂತ ಸುಮ್ನೆ ಬಿಡುವ ಹಾಗಿಲ್ಲ. ಚಿಕ್ಕಪ್ಪ ಗಿಡ ಕೊಡುವಾಗ ಹೇಳುವುದು ಇಷ್ಟು: ಕಸಿ ಗಂಟು ಮಣ್ಣಿನ ಮೇಲೇ ಇರಲಿ, ಹೂಳಬೇಡಿ. ಪ್ಲಾಸ್ಟಿಕ್ ಪಟ್ಟಿ ಬಿಚ್ಚಲು ಮರೆಯಬೇಡಿ, ಕಾಂಡ ದಪ್ಪವಾದಂತೆ ಅದು ಕುತ್ತಿಗೆಗೆ ಬಿಗಿಯುತ್ತದೆ. ಮೊದಲ ವರ್ಷ ಎರಡನೇ ವರ್ಷ ಹೂ ಬಂದರೆ ಮುರಿದುಹಾಕಿ. ಎಲ್ಲಕ್ಕಿಂತ ಮುಖ್ಯ, ಗಂಟಿನ ಕೆಳಗೆ ಬರುವ ಚಿಗುರನ್ನು ಬಿಡಬೇಡಿ.

ಈ ಕೊನೆಯದ್ದನ್ನೇ ಜನ ಮರೆಯುವುದು. ಬುಡದ ಸಸಿಯ ತಲೆ ಕತ್ತರಿಸಿದ್ದೇವೆ, ಆದರೆ ಅದು ಸತ್ತಿಲ್ಲ. ಅದಕ್ಕೂ ತನ್ನದೇ ಮರವಾಗುವ ಆಸೆ ಇದೆ. ಸಮಯ ಸಿಕ್ಕರೆ ಗಂಟಿನ ಕೆಳಗಿನಿಂದ ತನ್ನ ಚಿಗುರು ಕಳಿಸುತ್ತದೆ. ಆ ಚಿಗುರು ಬಲು ಜೋರು, ಬೇರು ಅದರದ್ದೇ ಅಲ್ವಾ. ಎರಡು ಮಳೆಗಾಲ ಬಿಟ್ಟರೆ ಮೇಲಿನ ಕಡ್ಡಿ ಸೊರಗಿ, ಬುಡದ ಕಾಡು ಮಾವೇ ಮರವಾಗಿರುತ್ತದೆ. "ಅಪ್ಪೆಮಿಡಿ ಅಂತ ಕೊಟ್ರಿ, ಹುಳಿ ಕಾಡುಮಾವು ಬಿಟ್ಟಿದೆ" ಅಂತ ವರ್ಷಗಳ ಮೇಲೆ ದೂರು ಬರುತ್ತದೆ. ಹೋಗಿ ನೋಡಿದರೆ ಕಸಿ ಗಂಟಿನ ಮೇಲೆ ಒಣಗಿದ ಮೋಟು ಇರುತ್ತದೆ.

ತಡವಾಗಿ ಬರುವ ತೊಂದರೆಗಳೂ ಉಂಟು. ನಮ್ಮ ಕಡೆ ಕಾಳುಮೆಣಸಿಗೆ ಸೊರಗು ರೋಗ ದೊಡ್ಡ ಶತ್ರು. ದಕ್ಷಿಣ ಅಮೆರಿಕ ಮೂಲದ ಒಂದು ಹಿಪ್ಪಲಿಗೆ ಆ ರೋಗ ತಾಗುವುದಿಲ್ಲ, ಜೌಗು ನೆಲದಲ್ಲೂ ಅದು ನಿಲ್ಲುತ್ತದೆ. ಹಾಗಾಗಿ ಹಿಪ್ಪಲಿಯ ಬೇರಿನ ಮೇಲೆ ಮೆಣಸಿನ ಬಳ್ಳಿ ಕಸಿ ಕಟ್ಟುತ್ತಾರೆ. ಒಳ್ಳೆಯ ಉಪಾಯ, ಬಹಳ ಜನಕ್ಕೆ ಅನುಕೂಲವಾಗಿದೆ. ಆದರೆ ಬೇಸಿಗೆಯಲ್ಲಿ ನೀರು ತಪ್ಪಿದರೆ ಆ ಹಿಪ್ಪಲಿ ತಾಳುವುದಿಲ್ಲ. ಕೆಲವು ತೋಟಗಳಲ್ಲಿ ನಾಲ್ಕಾರು ವರ್ಷ ಚೆನ್ನಾಗಿ ಕಾಯಿ ಬಿಟ್ಟ ಬಳ್ಳಿ ಆಮೇಲೆ ಗಂಟಿನಲ್ಲೇ ಕೆಟ್ಟದ್ದೂ ಇದೆ. ಎರಡೂ ಒಂದೇ ವೇಗದಲ್ಲಿ ದಪ್ಪವಾಗುವುದಿಲ್ಲ. ಕಿಡ್ನಿಯಲ್ಲೂ ಹೀಗೆ ನಿಧಾನವಾಗಿ, ನೋವಿಲ್ಲದೆ, ವರ್ಷಗಟ್ಟಲೆ ನಡೆಯುವ ತಿರಸ್ಕಾರ ಇದೆ. ಗೊತ್ತಾಗುವುದು ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಮೆಲ್ಲಗೆ ಏರಿದಾಗ. ಆರಾಮಾಗಿದ್ದೇನೆ ಅನ್ನಿಸಿದಾಗಲೂ ತಪಾಸಣೆ ತಪ್ಪಿಸಬಾರದು ಅನ್ನುವುದು ಅದಕ್ಕೇ.

ಕೊಟ್ಟವರು

ಎಲ್ಲ ಕಸಿಯೂ ಇಷ್ಟು ಕಷ್ಟದ್ದಲ್ಲ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ, ಹಾಗಾಗಿ ಮೈಯ ಕಾವಲು ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ಅದಕ್ಕೆ ಜೀವನಪೂರ್ತಿ ಮಾತ್ರೆ ಬೇಡ, ಕಣ್ಣಿಗೆ ಹನಿ ಹಾಕಿಕೊಂಡರೆ ಸಾಮಾನ್ಯವಾಗಿ ಸಾಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ಆಮೇಲೆ ನಮ್ಮೂರಲ್ಲೂ ಜನ ಕಣ್ಣು ಕೊಡುವ ಮಾತಾಡತೊಡಗಿದರು, ಅದಕ್ಕೆ ಮೊದಲು ಆ ಮಾತೆತ್ತಿದರೆ ಅಪಶಕುನ ಅನ್ನುತ್ತಿದ್ದವರೂ. ತೀರಿಹೋದ ಆರು ಗಂಟೆಯೊಳಗೆ ತೆಗೆಯಬೇಕು ಅನ್ನುವುದಷ್ಟು ಎಲ್ಲರಿಗೂ ಗೊತ್ತಿದ್ದರೆ ಒಳ್ಳೆಯದು.

ತೀರಿಕೊಂಡವರ ಚರ್ಮವನ್ನೂ ಪಡೆದು ಇಟ್ಟುಕೊಳ್ಳುವ ಬ್ಯಾಂಕುಗಳಿ‍ವೆ. ಮೈಯೆಲ್ಲ ಸುಟ್ಟವರಿಗೆ ತಮ್ಮದೇ ಚರ್ಮ ತೆಗೆಯಲು ಜಾಗ ಉಳಿದಿರುವುದಿಲ್ಲ. ಅವರಿಗೆ ಈ ಪರರ ಚರ್ಮ ಹೊದಿಸುತ್ತಾರೆ. ಅದು ನಿಲ್ಲುವುದಿಲ್ಲ, ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ ಅಂತ ಗೊತ್ತಿದ್ದೇ ಹೊದಿಸುತ್ತಾರೆ. ಅಷ್ಟು ದಿನ ಅದು ಸೋಂಕನ್ನು ತಡೆಯುತ್ತದೆ, ಮೈಯ ನೀರು ಆರದಂತೆ ಕಾಯುತ್ತದೆ. ಗ್ಲಾಸ್ಗೋದಲ್ಲಿ ಸೋಲು ಅಂತ ಕಂಡದ್ದು ಇಲ್ಲಿ ಜೀವ ಉಳಿಸುತ್ತದೆ.

ಇನ್ನು ಬದುಕಿದ್ದಾಗಲೇ ಕೊಡುವವರು. ನಮ್ಮ ದೇಶದಲ್ಲಿ ಹೀಗೆ ಕೊಡುವವರಲ್ಲಿ ಹೆಂಗಸರೇ ಜಾಸ್ತಿ. ಪಡೆಯುವವರಲ್ಲಿ ಗಂಡಸರೇ ಜಾಸ್ತಿ. ಅಮ್ಮಂದಿರು, ಹೆಂಡತಿಯರು, ಅಕ್ಕತಂಗಿಯರು ಕೊಡುತ್ತಾರೆ. ದುಡಿಯುವವನು ಅವನು, ಅವನ ಮೈಗೆ ಕತ್ತಿ ತಾಗಬಾರದು ಅನ್ನುವ ಮಾತು ಮನೆಮನೆಯಲ್ಲಿ ಸಲೀಸಾಗಿ ಬರುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ, ಪ್ರೀತಿಯಿಂದ ಕೊಟ್ಟರು ಅಂದಮಾತ್ರಕ್ಕೆ ಸರಿಯಾಗುವುದೂ ಇಲ್ಲ. ಕೊಟ್ಟ ಮೇಲೆ ಅವರನ್ನು ಯಾರು ಕೇಳುತ್ತಾರೆ? ಮಾವಿನ ಮರದ ಕೆಳಗೆ ನಿಂತು ಎಲ್ಲರೂ ತಳಿಯ ಹೆಸರು ಕೇಳುತ್ತಾರೆ, ಬೇರು ಯಾವುದು ಅಂತ ಕೇಳಿದವರನ್ನು ಚಿಕ್ಕಪ್ಪ ನೋಡಿಲ್ಲ.

ಅಮ್ಮನಿಗೆ ಉಳಿದಿರುವ ಒಂದು ಕಿಡ್ನಿ ಆಮೇಲೆ ಸ್ವಲ್ಪ ದೊಡ್ಡದಾಯಿತು. ಒಂದೇ ಉಳಿದಾಗ ಅದು ಹಾಗೆ ಬೆಳೆದು ಎರಡರ ಕೆಲಸದಲ್ಲಿ ಬಹುಪಾಲು ಹೊರುತ್ತದೆ. ಅಮ್ಮ ಆರಾಮಾಗಿದ್ದಾಳೆ, ಕೊಟ್ಟಿಗೆ ಕೆಲಸ ಬಿಟ್ಟಿಲ್ಲ. ಆದರೆ ಆಸ್ಪತ್ರೆಯಲ್ಲಿ ದಪ್ಪ ಫೈಲು ಇರುವುದು ಅಕ್ಕನ ಹೆಸರಿನಲ್ಲಿ. ಫೋನ್ ಮಾಡಿ ತಾರೀಕು ನೆನಪಿಸುವುದು ಅಕ್ಕನಿಗೆ. ಹಾಗಾಗಿ ಮನೆಯಲ್ಲಿ ನಾವೇ ಒಂದು ಕ್ರಮ ಮಾಡಿಕೊಂಡಿದ್ದೇವೆ. ವರ್ಷಕ್ಕೊಮ್ಮೆ ಅಕ್ಕನ ತಪಾಸಣೆಯ ಜೊತೆಗೇ ಅಮ್ಮನ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅನ್ನುವುದು, ಮೂರನ್ನೂ ನೋಡಿಸುತ್ತೇವೆ. ಮಂಡಿನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದನ್ನು ಪೂರ್ತಿ ನಿಲ್ಲಿಸಿದ್ದೇವೆ, ಕಿಡ್ನಿಗೆ ಅದು ಕೆಟ್ಟದ್ದು. ಅಮ್ಮ ಮೊದಮೊದಲು "ನಂಗೇನಾಗಿದೆ, ಸುಮ್ನೆ ದುಡ್ಡು ದಂಡ" ಅನ್ನುತ್ತಿದ್ದಳು. ಈಗ ತಾನೇ ತಾರೀಕು ಕೇಳಿಕೊಂಡು ಹಿಂದಿನ ದಿನವೇ ಸಾಗರದಿಂದ ಬಸ್ಸು ಹತ್ತುತ್ತಾಳೆ, ಮತ್ತೆ ಈ ಸಲ ಬರುವಾಗ ಪಕ್ಕದ ಮನೆಯಾಕೆಯನ್ನೂ ಕರೆತರುತ್ತೇನೆ ಅಂದಿದ್ದಾಳೆ. ಆಕೆ ತನ್ನ ತಮ್ಮನಿಗೆ ಕೊಟ್ಟು ಬಹಳ ವರ್ಷವಾಯಿತು, ಆಮೇಲೆ ಒಮ್ಮೆಯೂ ತೋರಿಸಿಕೊಂಡಿಲ್ಲವಂತೆ.